ಬ್ಲೇಕ್ ಕವಿಯ ಲಂಡನ್ನೂ ಅಲ್ಲಿಯ ಬಡಮಕ್ಕಳೂ

ಆಂಗ್ಲ ರಮ್ಯಕಾವ್ಯವೆಂದೊಡನೆ ನಮ್ಮ ಕಣ್ಮುಂದೆ ಸುಳಿಯುವುದು ಗಿರಿಕಂದರ, ಸರೋವರ, ಹೂ, ಹಕ್ಕಿಗಳ ಚೆಲುವು. ವರ್ಡ್ಸ್‌ವರ್ತ್, ಕೀಟ್ಸ್ ಮೊದಲಾದವರನ್ನು ತರಗತಿಯಲ್ಲಿ ಓದಿದವರಿಗೆ ಇದು ಸಹಜವೇ. ಆದರೆ ಆ ಪರಂಪರೆಯ ಹೊಸ್ತಿಲಲ್ಲಿ ನಿಂತ ವಿಲಿಯಂ ಬ್ಲೇಕ್ (1757-1827) ನಗರದ ಕವಿ. ಲಂಡನ್ನಿನಲ್ಲಿ ಹುಟ್ಟಿ, ತಾಮ್ರದ ತಗಡಿನ ಮೇಲೆ ಚಿತ್ರ ಕೊರೆಯುವ ಕಸುಬಿನಿಂದ ಬಾಳಿನ ಬಹುಭಾಗವನ್ನು ಅಲ್ಲಿಯೇ ಕಳೆದವನು. 1789ರಲ್ಲಿ 'ಮುಗ್ಧತೆಯ ಗೀತೆಗಳ'ನ್ನು ಪ್ರಕಟಿಸಿದ ಈತ 1794ರಲ್ಲಿ 'ಅನುಭವದ ಗೀತೆಗಳ'ನ್ನು ಅದರೊಡನೆ ಸೇರಿಸಿ ಹೊರತಂದನು. ಕೆಲವು ವಸ್ತುಗಳು ಒಂದೇ ಶೀರ್ಷಿಕೆಯಲ್ಲಿ ಎರಡೂ ಭಾಗಗಳಲ್ಲಿ ಬಂದಿರುವುದು ಗಮನಾರ್ಹ.

ಅಂಥವುಗಳಲ್ಲಿ ಒಂದು 'ಚಿಮಣಿ ಗುಡಿಸುವವನು'. ಅಂದಿನ ಲಂಡನ್ನಿನ ಮನೆಗಳು ಕಲ್ಲಿದ್ದಲಿನ ಬೆಂಕಿಯಿಂದ ಬೆಚ್ಚಗಾಗುತ್ತಿದ್ದವು. ಇಕ್ಕಟ್ಟಾದ ಹೊಗೆಗೂಡುಗಳ ಮಸಿ ತೆಗೆಯಲು ಎಳೆಯ ದೇಹಗಳೇ ಬೇಕಾಗಿದ್ದವು. ಬಡ ತಂದೆತಾಯಿಗಳು ಐದಾರು ವರ್ಷದ ಮಕ್ಕಳನ್ನೂ ಹಣಕ್ಕೆ ಒಪ್ಪಿಸುತ್ತಿದ್ದರು. ಈ ಕೆಲಸ ಮಾಡಿದವರಿಗೆ ಮಸಿಯಿಂದಲೇ ಕ್ಯಾನ್ಸರ್ ತಗಲುವುದೆಂದು ಶಸ್ತ್ರವೈದ್ಯ ಪರ್ಸಿವಲ್ ಪಾಟ್ 1775ರಲ್ಲಿಯೇ ತೋರಿಸಿದ್ದನು. 1788ರ ಶಾಸನ ಎಂಟು ವರ್ಷದೊಳಗಿನವರನ್ನು ಈ ಕೆಲಸಕ್ಕೆ ಹಚ್ಚಬಾರದೆಂದಿತು. ಜಾರಿಗೊಳಿಸುವವರಿಲ್ಲದೆ ಅದು ಕಾಗದದ ಮೇಲೆಯೇ ಉಳಿಯಿತು.

ಮೊದಲ ಗೀತೆಯಲ್ಲಿ ಪುಟ್ಟ ಬಾಲಕನೊಬ್ಬ ತಮ್ಮನ್ನೆಲ್ಲ ದೇವದೂತನು ಬಿಡಿಸಿದಂತೆ ಕನಸು ಕಂಡು, ಸಮಾಧಾನಗೊಂಡು, ಕೊರೆಯುವ ಚಳಿಯಲ್ಲಿ ಮತ್ತೆ ಕೆಲಸಕ್ಕೆ ಹೊರಡುತ್ತಾನೆ. ಓದುಗನ ಕಣ್ಣು ಒದ್ದೆಯಾಗುತ್ತದೆ. ಎರಡನೆಯದರಲ್ಲಿ ಹಿಮದ ನಡುವೆ ಒಂಟಿಯಾಗಿ ನಿಂತ ಹುಡುಗ ತಾನೇ ಮಾತನಾಡುತ್ತಾನೆ. ತಂದೆತಾಯಿಗಳು ಪ್ರಾರ್ಥನೆಗೆ ಹೋಗಿದ್ದಾರೆ. ತಾನು ನಗುನಗುತ್ತ ಇರುವುದನ್ನು ಕಂಡು ತನಗೇನೂ ಅನ್ಯಾಯವಾಗಿಲ್ಲವೆಂದು ಅವರು ತಿಳಿದಿದ್ದಾರೆಂಬುದು ಅವನ ದೂರು. ಅಲ್ಲಿ ಮಗುವಿಗೆ ಆಸರೆಯಾದ ಸಾಂತ್ವನವೇ ಇಲ್ಲಿ ದೊಡ್ಡವರಿಗೆ ಅನುಕೂಲದ ನೆಪವಾಗಿದೆ.

'ಪವಿತ್ರ ಗುರುವಾರ' ಎಂಬ ಜೋಡಿ ಗೀತೆಗಳದೂ ಇದೇ ರೀತಿ. ದಾನಿಗಳ ನೆರವಿನಿಂದ ನಡೆಯುತ್ತಿದ್ದ ಧರ್ಮಶಾಲೆಗಳ ಸಾವಿರಾರು ಮಕ್ಕಳನ್ನು ವರ್ಷಕ್ಕೊಮ್ಮೆ ಸೇಂಟ್ ಪಾಲ್ಸ್ ದೇವಾಲಯಕ್ಕೆ ಸಾಲಾಗಿ ಕರೆತಂದು ಹಾಡಿಸುತ್ತಿದ್ದರು. ಮೊದಲ ಗೀತೆ ಆ ನೋಟದ ಸೊಬಗನ್ನು ಮನಸಾರೆ ಬಣ್ಣಿಸುತ್ತದೆ. ಎರಡನೆಯದು, ಸಂಪದ್ಭರಿತ ನಾಡಿನಲ್ಲಿ ಇಷ್ಟೊಂದು ಮಕ್ಕಳು ಪರರ ಕೈ ನೋಡಬೇಕಾಗಿ ಬಂದದ್ದೇಕೆಂದು ಕೇಳುತ್ತದೆ. ಇದು ದಾನದ ನಿಂದೆಯಲ್ಲ. ದಾನ ಅಗತ್ಯವಾಗುವ ಸ್ಥಿತಿ ಹೇಗೆ ಬಂತೆಂಬ ವಿಚಾರಣೆ.

ಹದಿನಾರೇ ಸಾಲುಗಳ 'ಲಂಡನ್' ಕವನದಲ್ಲಿ ಈ ವಿಚಾರಣೆ ಪೂರ್ಣವಾಗುತ್ತದೆ. ಚಿಮಣಿಯ ಹುಡುಗ, ನತದೃಷ್ಟ ಸೈನಿಕ, ಬೀದಿಯ ತರುಣಿ, ಈ ಮೂವರ ನೋವಿಗೂ ದೇವಾಲಯ, ಅರಮನೆ, ವಿವಾಹಗಳಿಗೂ ಇರುವ ನಂಟನ್ನು ಕವಿ ಬಯಲಿಗೆಳೆಯುತ್ತಾನೆ. ಹೊರಗಿನ ದಬ್ಬಾಳಿಕೆಯನ್ನು ಮನುಷ್ಯನ ಮನಸ್ಸೇ ಒಪ್ಪಿಕೊಂಡುಬಿಡುವುದನ್ನೂ ಅವನು ಮರೆಯುವುದಿಲ್ಲ.

ಈ ಗೀತೆಗಳಿಗೆ ಮುಂದೆ ಒದಗಿದ ಗತಿ ಸ್ವಾರಸ್ಯಕರವಾಗಿದೆ. ಬಾಲಕರನ್ನು ಚಿಮಣಿ ಹತ್ತಿಸುವ ಪದ್ಧತಿಯನ್ನು ವಿರೋಧಿಸಿ ಜೇಮ್ಸ್ ಮಾಂಟ್‌ಗೊಮರಿ ಎಂಬ ಕವಿ 1824ರಲ್ಲಿ ಒಂದು ಸಂಕಲನ ಹೊರತಂದನು. ಅದಕ್ಕೆ ಪ್ರಬಂಧಕಾರ ಚಾರ್ಲ್ಸ್ ಲ್ಯಾಮ್ ಕಳುಹಿಸಿದ್ದು ಬ್ಲೇಕನ ಮೊದಲ ಗೀತೆಯನ್ನು, ಕನಸಿನ ಗೀತೆಯನ್ನು. ಹಿಮದಲ್ಲಿ ನಿಂತವನ ದೂರು ಅದರಲ್ಲಿ ಸೇರಲಿಲ್ಲ. 1834, 1840, 1864ರ ಶಾಸನಗಳೂ ಸಾಲದಾಗಿ, ಪರಿಣಾಮಕಾರಿಯಾದ ಕಾನೂನು ಬಂದದ್ದು 1875ರಲ್ಲಿ. ಮೊದಲ ಗೀತೆ ಹೊರಬಂದು ಆಗಲೇ 86 ವರ್ಷಗಳಾಗಿದ್ದವು.

ಕಂಬನಿ ಬೇಗ ಬಂತು, ನ್ಯಾಯ ತಡವಾಯಿತು. ಆದುದರಿಂದ ತರಗತಿಯಲ್ಲಿ ಬ್ಲೇಕನನ್ನು ಪಾಠ ಹೇಳುವಾಗ ಎರಡೂ ಗೀತೆಗಳನ್ನು ಒಟ್ಟಿಗೆ ಓದಿಸುವುದು ಯುಕ್ತ. ಮೊದಲನೆಯದು ಮಗುವನ್ನು ಪ್ರೀತಿಸಲು ಕಲಿಸುತ್ತದೆ. ಎರಡನೆಯದು ಆ ಮಗು ಹೇಳುವುದನ್ನು ಕೇಳಲು ಕಲಿಸುತ್ತದೆ.