ಠಾಣೆಯಲ್ಲಿ ಒಪ್ಪಿಕೊಂಡದ್ದು ಕೋರ್ಟಿನಲ್ಲಿ ಏಕೆ ನಿಲ್ಲುವುದಿಲ್ಲ?

‘ವಿಚಾರಣೆ ವೇಳೆ ಆರೋಪಿ ತಪ್ಪೊಪ್ಪಿಕೊಂಡಿದ್ದಾನೆ ಎಂದು ಪೊಲೀಸ್ ಮೂಲಗಳು ತಿಳಿಸಿವೆ.’ ಅಪರಾಧ ಸುದ್ದಿಗಳಲ್ಲಿ ಈ ಸಾಲು ಕಾಣದ ವಾರವಿಲ್ಲ. ಓದಿದವರು ಪ್ರಕರಣ ಮುಗಿದಂತೆಯೇ ಎಂದುಕೊಳ್ಳುತ್ತಾರೆ. ಕೆಲವು ವರ್ಷ ಕಳೆದು ಅದೇ ಆರೋಪಿ ಖುಲಾಸೆಯಾದನೆಂದು ತಿಳಿದಾಗ, ಒಪ್ಪಿಕೊಂಡವನನ್ನೇ ಬಿಟ್ಟುಬಿಟ್ಟರಲ್ಲ ಎಂದು ನ್ಯಾಯಾಲಯದ ಮೇಲೆ ಸಿಟ್ಟಾಗುತ್ತಾರೆ. ಮನೆಯವರನ್ನು ಕಳೆದುಕೊಂಡವರಿಗಂತೂ ಅದು ಸಹಿಸಲಾಗದ ಸಂಕಟ. ಆದರೆ ಪೊಲೀಸರ ಮುಂದೆ ಹೇಳಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಕ್ಷ್ಯವಾಗಿ ಬಳಸುವ ಅಧಿಕಾರ ಸಾಮಾನ್ಯ ಕಾನೂನಿನಡಿ ನಮ್ಮ ನ್ಯಾಯಾಧೀಶರಿಗೆ ಇಲ್ಲವೇ ಇಲ್ಲ. ಈ ನಿಯಮ ಹುಟ್ಟಿದ್ದು ಕಾನೂನು ಪಂಡಿತರ ಚರ್ಚೆಯಿಂದಷ್ಟೇ ಅಲ್ಲ, ದಕ್ಷಿಣ ಭಾರತದ ಹಳ್ಳಿಗರು ಮೈಮೇಲೆ ಉಂಡ ಪೆಟ್ಟಿನಿಂದಲೂ ಹೌದು. ಹಾಗಾಗಿಯೇ ಅದರ ಕಥೆಯನ್ನು ಹೇಳಬೇಕೆನಿಸುತ್ತದೆ.

1854ರ ಜುಲೈನಲ್ಲಿ ಲಂಡನ್ನಿನ ಹೌಸ್ ಆಫ್ ಕಾಮನ್ಸ್‌ನಲ್ಲಿ ಮದ್ರಾಸ್ ಪ್ರಾಂತ್ಯದ ಕಂದಾಯ ಪದ್ಧತಿಯ ಬಗ್ಗೆ ಚರ್ಚೆ ನಡೆಯಿತು. ಬಾಕಿ ವಸೂಲಿಗೆ ರೈತರಿಗೆ ಚಿತ್ರಹಿಂಸೆ ಕೊಡುತ್ತಾರೆಂಬ ಆರೋಪ ಅಲ್ಲಿ ಎದ್ದಿತು. ಅದರ ಬೆನ್ನಲ್ಲೇ ಮದ್ರಾಸಿನಲ್ಲಿ ಮೂವರ ತನಿಖಾ ಆಯೋಗ ನೇಮಕವಾಯಿತು: ಇ.ಎಫ್. ಎಲಿಯಟ್, ಎಚ್. ಸ್ಟೋಕ್ಸ್ ಮತ್ತು ಬ್ಯಾರಿಸ್ಟರ್ ಜಾನ್ ಬ್ರೂಸ್ ನಾರ್ಟನ್. ಬಳ್ಳಾರಿ ಜಿಲ್ಲೆಯೂ ಮಂಗಳೂರಿನಿಂದ ಕಾರವಾರದವರೆಗಿನ ಕೆನರಾ ಜಿಲ್ಲೆಯೂ ಆಗ ಮದ್ರಾಸ್ ಪ್ರಾಂತ್ಯಕ್ಕೇ ಸೇರಿದ್ದವು. ಕನ್ನಡದ ಈ ಸೀಮೆಗಳೂ ವಿಚಾರಣೆಯ ವ್ಯಾಪ್ತಿಗೆ ಬಂದವು. ದೂರು ಹೇಳಲು ಜನ ದೂರದೂರದ ಹಳ್ಳಿಗಳಿಂದ ಮದ್ರಾಸಿಗೆ ಬಂದರು.

1855ರಲ್ಲಿ ಹೊರಬಂದ ಆ ವರದಿಯನ್ನು ಇಂದು ಓದಿದರೂ ಮೈ ನಡುಗುತ್ತದೆ. ಒಂದು ತುದಿಯಲ್ಲಿ ಕಟ್ಟಿದ ಎರಡು ಕೋಲುಗಳ ನಡುವೆ ಬೆರಳನ್ನೋ ಮೈಯ ಮೃದು ಭಾಗವನ್ನೋ ಇಟ್ಟು ಅದುಮುವುದಕ್ಕೆ ಕಿಟ್ಟಿ ಹಾಕುವುದು ಎನ್ನುತ್ತಿದ್ದರು. ತಲೆಯನ್ನು ಮೊಣಕಾಲಿನತ್ತ ಬಗ್ಗಿಸಿ, ಹಗ್ಗ ಬಿಗಿದು, ಬೆನ್ನ ಮೇಲೆ ಕಲ್ಲು ಹೇರಿ, ಉರಿಬಿಸಿಲಿನಲ್ಲಿ ಗಂಟೆಗಟ್ಟಲೆ ನಿಲ್ಲಿಸುವುದು ಇನ್ನೊಂದು ಬಗೆ. ಕಣ್ಣಿಗೆ, ಮೂಗಿಗೆ ಮೆಣಸಿನ ಪುಡಿ ಹಾಕುವುದೂ ಇತ್ತು. ಕಂದಾಯದ ಹಣ ಕಕ್ಕಿಸಲು ಬಳಸುತ್ತಿದ್ದ ಉಪಾಯಗಳೇ ಕಳವಿನ ತಪ್ಪೊಪ್ಪಿಗೆಗೂ ಬಳಕೆಯಾಗುತ್ತಿದ್ದವು, ಏಕೆಂದರೆ ಎರಡೂ ಕೆಲಸ ಮಾಡುತ್ತಿದ್ದವರು ಒಬ್ಬರೇ. ತಾಲ್ಲೂಕಿನ ತಹಸೀಲ್ದಾರನೇ ಅಲ್ಲಿನ ಪೊಲೀಸ್ ಮುಖ್ಯಸ್ಥ. ಹೊಡೆಸಿದವನೂ ಅವನೇ, ದೂರು ಕೇಳಬೇಕಾದವನೂ ಅವನೇ.

ವರದಿ ಯುರೋಪಿಯನ್ ಅಧಿಕಾರಿಗಳನ್ನು ದೋಷಮುಕ್ತರನ್ನಾಗಿಸಿ, ಹೊಣೆಯನ್ನೆಲ್ಲ ಕೆಳಗಿನ ದೇಶೀ ನೌಕರರ ಮೇಲೆ ಹೊರಿಸಿತು. ಇದನ್ನು ನಾನು ಒಪ್ಪಲಾರೆ. ಇಷ್ಟು ಹಣ ಬರಲೇಬೇಕೆಂದು ಮೇಲಿನಿಂದ ಹುಕುಂ ಹೊರಡಿಸಿದವರು ಯಾರು? ಆದರೂ ವರದಿಯ ಪರಿಣಾಮ ದೊಡ್ಡದು. 1859ರ ಕಾಯ್ದೆ ಮದ್ರಾಸಿನ ಪೊಲೀಸ್ ಪಡೆಯನ್ನು ಕಂದಾಯ ಇಲಾಖೆಯಿಂದ ಬಿಡಿಸಿತು. 1860ರ ಭಾರತೀಯ ದಂಡ ಸಂಹಿತೆಯ 330ನೇ ಕಲಮು ತಪ್ಪೊಪ್ಪಿಗೆಗಾಗಿ ಹೊಡೆಯುವುದನ್ನು ಅಪರಾಧವೆಂದಿತು. ಅದಕ್ಕೆ ಕೊಟ್ಟ ಉದಾಹರಣೆಗಳಲ್ಲಿ ಪೊಲೀಸನೂ ಇದ್ದಾನೆ, ಬಾಕಿ ವಸೂಲಿಗೆ ಹಿಂಸಿಸುವ ಕಂದಾಯ ಅಧಿಕಾರಿಯೂ ಇದ್ದಾನೆ.

ಶಿಕ್ಷೆಯ ಭಯವೊಂದೇ ಸಾಲದು, ಹಿಂಸೆಯಿಂದ ಬರುವ ಫಲವನ್ನೇ ನಿಷ್ಪ್ರಯೋಜಕ ಮಾಡಬೇಕೆಂಬ ವಿಚಾರ ಸೇರಿದ್ದು 1861ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ. ಪೊಲೀಸ್ ಅಧಿಕಾರಿಯ ಮುಂದಿನ ತಪ್ಪೊಪ್ಪಿಗೆ ಸಾಕ್ಷ್ಯವಲ್ಲ. ಪೊಲೀಸರ ವಶದಲ್ಲಿದ್ದಾಗ ಮಾಡಿದ ತಪ್ಪೊಪ್ಪಿಗೆಯೂ, ಮ್ಯಾಜಿಸ್ಟ್ರೇಟರ ಸಮಕ್ಷಮದಲ್ಲಿ ಮಾಡಿದ್ದಲ್ಲದಿದ್ದರೆ, ಸಾಕ್ಷ್ಯವಲ್ಲ. ಹನ್ನೊಂದು ವರ್ಷಗಳ ಮೇಲೆ ಈ ನಿಯಮಗಳು ಜೇಮ್ಸ್ ಫಿಟ್ಜ್‌ಜೇಮ್ಸ್ ಸ್ಟೀಫನ್ ರಚಿಸಿದ ಭಾರತೀಯ ಸಾಕ್ಷ್ಯ ಅಧಿನಿಯಮದ 25, 26ನೇ ಕಲಮುಗಳಾದವು. 1872ರ ಸೆಪ್ಟೆಂಬರ್ 1ರಂದು ಆ ಅಧಿನಿಯಮ ಜಾರಿಗೆ ಬಂತು.

ಪೊಲೀಸರು ಹೊಡೆಯುವುದೇಕೆ ಎಂಬುದಕ್ಕೆ ಅನುಭವಿ ಅಧಿಕಾರಿಯೊಬ್ಬ ಕೊಟ್ಟ ಉತ್ತರವನ್ನು ಸ್ಟೀಫನ್ 1883ರಲ್ಲಿ ಪ್ರಕಟವಾದ ತನ್ನ ಗ್ರಂಥದ ಅಡಿಟಿಪ್ಪಣಿಯಲ್ಲಿ ದಾಖಲಿಸಿದ್ದಾನೆ. ಅದರಲ್ಲಿ ಸೋಮಾರಿತನದ ಪಾಲು ದೊಡ್ಡದು, ಬಿಸಿಲಿನಲ್ಲಿ ಅಲೆದು ಸಾಕ್ಷ್ಯ ಹುಡುಕುವುದಕ್ಕಿಂತ ನೆರಳಲ್ಲಿ ಕೂತು ಬಡಪಾಯಿಯ ಕಣ್ಣಿಗೆ ಮೆಣಸಿನ ಪುಡಿ ಉಜ್ಜುವುದು ಸುಖ ಎಂಬುದು ಅವನ ಮಾತಿನ ಸಾರ. ನನ್ನ ಮಟ್ಟಿಗೆ ಇಡೀ ನಿಯಮದ ಒಳಗುಟ್ಟು ಇಲ್ಲಿದೆ. ಹೊಡೆತ ತಾಳಲಾರದೆ ಅಮಾಯಕ ಒಪ್ಪಿಕೊಂಡುಬಿಡುತ್ತಾನೆ, ನಿಜವಾದ ಅಪರಾಧಿ ಊರಲ್ಲಿ ಆರಾಮಾಗಿ ಓಡಾಡಿಕೊಂಡಿರುತ್ತಾನೆ. ನಿಯಮ ಕಾಪಾಡುವುದು ಆರೋಪಿಯನ್ನಷ್ಟೇ ಅಲ್ಲ, ಸತ್ತವನ ಮನೆಯವರಿಗೆ ಸಲ್ಲಬೇಕಾದ ನ್ಯಾಯವನ್ನೂ.

ಆದರೆ ಸ್ಟೀಫನ್ ಒಂದು ಬಾಗಿಲನ್ನು ತೆರೆದೇ ಇಟ್ಟ. ಆರೋಪಿ ಕೊಟ್ಟ ಮಾಹಿತಿಯಿಂದ ಯಾವುದಾದರೂ ಸಂಗತಿ ಬಯಲಾದರೆ, ಆ ಸಂಗತಿಗೆ ನೇರವಾಗಿ ಸಂಬಂಧಿಸಿದ ಮಾತನ್ನಷ್ಟೇ ನ್ಯಾಯಾಲಯ ನೋಡಬಹುದು ಎನ್ನುತ್ತದೆ 27ನೇ ಕಲಮು. ಅದರ ಅಳತೆ ನಿಗದಿಯಾದದ್ದು ಮದ್ರಾಸ್ ಹೈಕೋರ್ಟಿನಿಂದ ಆಗಿನ ಅಂತಿಮ ಮೇಲ್ಮನವಿ ಪೀಠವಾದ ಪ್ರಿವಿ ಕೌನ್ಸಿಲ್‌ಗೆ ಹೋದ ಪುಲುಕುರಿ ಕೊಟ್ಟಯ್ಯ ಪ್ರಕರಣದಲ್ಲಿ, 1946ರಲ್ಲಿ. ಒಬ್ಬ ಆರೋಪಿ, ನಾವೆಲ್ಲ ಹೊಂಚು ಹಾಕಿ ಹೊಡೆದು ಕೊಂದೆವು ಎಂದು ವಿವರವಾಗಿ ಹೇಳಿ, ಕೊನೆಗೆ ಈಟಿಯನ್ನೂ ನನ್ನ ಕೋಲನ್ನೂ ಊರಿನ ಇಂಥವರ ಬಣವೆಯಲ್ಲಿ ಬಚ್ಚಿಟ್ಟಿದ್ದೇನೆ, ಬಂದರೆ ತೋರಿಸುತ್ತೇನೆ ಎಂದಿದ್ದ. ಬಣವೆಯ ಮಾತನ್ನು ಮಾತ್ರ ಒಪ್ಪಿ, ಕೊಂದ ಮಾತನ್ನೆಲ್ಲ ಪಕ್ಕಕ್ಕಿಡಬೇಕೆಂದಿತು ಪ್ರಿವಿ ಕೌನ್ಸಿಲ್. ಬಯಲಾದದ್ದು ಈಟಿಯಷ್ಟೇ ಅಲ್ಲ, ಅದು ಇದ್ದ ಜಾಗ ಮತ್ತು ಆ ಜಾಗ ಆರೋಪಿಗೆ ಗೊತ್ತಿತ್ತೆಂಬ ವಿಷಯ. ಆ ಈಟಿಯಿಂದಲೇ ಇರಿದನೆಂಬುದನ್ನು ಬೇರೆ ಸಾಕ್ಷ್ಯದಿಂದ ಸಾಬೀತು ಮಾಡಬೇಕು. ತೀರ್ಪು ಬರೆದ ಸರ್ ಜಾನ್ ಬ್ಯೂಮಂಟ್ ಎಳೆದ ಈ ಗೆರೆಯನ್ನೇ ಇಂದಿಗೂ ಪ್ರತಿ ಸೆಷನ್ಸ್ ಕೋರ್ಟ್ ಅನುಸರಿಸುತ್ತದೆ.

ನಮ್ಮ ರಾಜ್ಯದ ಗಂಭೀರ ಅಪರಾಧಗಳ ದೋಷಾರೋಪಣ ಪಟ್ಟಿಯನ್ನು ತೆರೆದರೆ ಆರೋಪಿಯ ‘ಸ್ವಇಚ್ಛಾ ಹೇಳಿಕೆ’ ಸಾಮಾನ್ಯವಾಗಿ ಇರುತ್ತದೆ. ಹುಟ್ಟೂರು, ಕಸುಬು, ಹಗೆತನ, ಕೃತ್ಯ ಎಲ್ಲವನ್ನೂ ಹೇಳಿದ ಮೇಲೆ, ನನ್ನನ್ನು ಕರೆದುಕೊಂಡು ಹೋದರೆ ಮಚ್ಚು ಬಿಸಾಡಿದ ಜಾಗ ತೋರಿಸಿ ಹಾಜರುಪಡಿಸುತ್ತೇನೆ ಎಂಬ ಧಾಟಿಯ ಸಾಲು ಬರುತ್ತದೆ. ಪುಟಗಟ್ಟಲೆ ಬರಹದಲ್ಲಿ ಕೋರ್ಟಿಗೆ ಬೇಕಾದದ್ದು ಆ ಒಂದೇ ಸಾಲು. ಅದರ ಆಧಾರದ ಮೇಲೆ ಪಂಚರ ಸಮಕ್ಷಮ ಮಹಜರು ನಡೆಸಿ ಮಚ್ಚನ್ನು ವಶಪಡಿಸಿಕೊಳ್ಳುತ್ತಾರೆ. ಪಂಚರು ಕಟಕಟೆಗೆ ಬಂದು, ಠಾಣೆಯಲ್ಲಿ ಸಹಿ ಹಾಕಿಸಿಕೊಂಡರು, ನಾವು ಏನನ್ನೂ ನೋಡಿಲ್ಲ ಎಂದರೆ ಸರ್ಕಾರಿ ಅಭಿಯೋಜಕರು ಅವರನ್ನು ಪ್ರತಿಕೂಲ ಸಾಕ್ಷಿಯೆಂದು ಪರಿಗಣಿಸಿ ಪಾಟೀಸವಾಲು ಮಾಡುತ್ತಾರೆ. ಹೀಗೆ ಮಹಜರು ನಡೆಸುವ ಅಭ್ಯಾಸದ ಬಗ್ಗೆ ಸುಪ್ರೀಂ ಕೋರ್ಟ್ 2022ರಲ್ಲಿ ಕರ್ನಾಟಕದ್ದೇ ಆದ ಸುಬ್ರಮಣ್ಯ ಪ್ರಕರಣದಲ್ಲಿ ಗಟ್ಟಿಯಾಗಿ ಎಚ್ಚರಿಕೆ ಕೊಟ್ಟಿತು. ಇಬ್ಬರು ಸ್ವತಂತ್ರ ಪಂಚರನ್ನು ಮೊದಲೇ ಠಾಣೆಗೆ ಕರೆಸಬೇಕು, ಆರೋಪಿ ಅವರ ಮುಂದೆಯೇ ಮಾತಾಡಬೇಕು, ಆಡಿದ ಮಾತು ಆಡಿದಂತೆಯೇ ಪಂಚನಾಮೆಯಲ್ಲಿ ಬರಬೇಕು, ಜಾಗಕ್ಕೆ ಹೊರಡುವುದು ಆಮೇಲೆ.

ಸ್ವತಂತ್ರ ಭಾರತ ಮೂಲ ನಿಯಮವನ್ನೇ ಕೆಲವೊಮ್ಮೆ ಸಡಿಲಿಸಿತು. ಭಯೋತ್ಪಾದನೆ ತಡೆಗೆಂದು ಬಂದ 1987ರ ಟಾಡಾ ಕಾಯ್ದೆ ಪೊಲೀಸ್ ಸೂಪರಿಂಟೆಂಡೆಂಟ್ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿ ದಾಖಲಿಸಿದ ತಪ್ಪೊಪ್ಪಿಗೆಗೆ ಮಾನ್ಯತೆ ಕೊಟ್ಟಿತು. 1994ರಲ್ಲಿ ಕರ್ತಾರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಟಾಡಾ ಹೋಯಿತು, 2002ರ ಪೋಟಾ ಬಂದು ಅದೂ ಹೋಯಿತು. ಆದರೆ ಅಂಥದ್ದೇ ಅವಕಾಶ ಕರ್ನಾಟಕ ಸಂಘಟಿತ ಅಪರಾಧಗಳ ನಿಯಂತ್ರಣ ಕಾಯ್ದೆಯಲ್ಲಿ, ಅಂದರೆ ಕೋಕಾದಲ್ಲಿ, ಈಗಲೂ ಇದೆ. ಹೆಗಲ ಮೇಲಿನ ನಕ್ಷತ್ರ ಹೆಚ್ಚಿದ ಮಾತ್ರಕ್ಕೆ ಕೋಣೆಯೊಳಗಿನ ಭಯ ಹೇಗೆ ಕಡಿಮೆಯಾಗುತ್ತದೆಂಬುದು ನನಗೆ ಈವರೆಗೆ ತಿಳಿದಿಲ್ಲ. 2020ರಲ್ಲಿ ತೂಫಾನ್ ಸಿಂಗ್ ಪ್ರಕರಣದ ತೀರ್ಪು ಎದುರು ದಿಕ್ಕಿನಲ್ಲಿ ನಡೆಯಿತು: ಮಾದಕವಸ್ತು ಕಾಯ್ದೆಯಡಿ ತನಿಖೆ ಮಾಡುವ ಅಧಿಕಾರಿಗಳೂ ಪೊಲೀಸರೇ, ಅವರ ಮುಂದಿನ ತಪ್ಪೊಪ್ಪಿಗೆಯೂ ಸಲ್ಲದು ಎಂದಿತು.

2024ರ ಜುಲೈ 1ರಿಂದ ಸ್ಟೀಫನ್‌ನ ಅಧಿನಿಯಮದ ಜಾಗದಲ್ಲಿ ಭಾರತೀಯ ಸಾಕ್ಷ್ಯ ಅಧಿನಿಯಮ, 2023 ಜಾರಿಯಲ್ಲಿದೆ. 25, 26, 27ನೇ ಕಲಮುಗಳು ಸೇರಿ ಅಲ್ಲಿ 23ನೇ ಕಲಮಾಗಿವೆ. ಸಾರದಲ್ಲಿ ಬದಲಾವಣೆಯಿಲ್ಲ, ಮುಚ್ಚಿದ ಬಾಗಿಲೂ ತೆರೆದಿಟ್ಟ ಬಾಗಿಲೂ ಇದ್ದಲ್ಲೇ ಇವೆ. ಕಾನೂನು ಆಯೋಗ ತನ್ನ 113ನೇ ವರದಿಯಲ್ಲಿ, 1985ರಲ್ಲೇ, ಒಂದು ಸೇರ್ಪಡೆ ಸೂಚಿಸಿತ್ತು: ಪೊಲೀಸ್ ವಶದಲ್ಲಿದ್ದ ವ್ಯಕ್ತಿಗೆ ಗಾಯವಾಗಿದ್ದರೆ ಅದನ್ನು ಮಾಡಿದವನು ಆತನನ್ನು ವಶದಲ್ಲಿಟ್ಟುಕೊಂಡಿದ್ದ ಅಧಿಕಾರಿಯೇ ಎಂದು ನ್ಯಾಯಾಲಯ ಭಾವಿಸಬಹುದು, ಅಲ್ಲವೆಂದು ತೋರಿಸುವ ಹೊಣೆ ಆ ಅಧಿಕಾರಿಯದು. ಲಾಕಪ್ಪಿನೊಳಗೆ ಬೇರೆ ಸಾಕ್ಷಿ ಎಲ್ಲಿಂದ ಬರಬೇಕು? ಹಳೆಯ ಅಧಿನಿಯಮಕ್ಕೆ 114-ಬಿ ಎಂದು ಸೇರಬೇಕಿದ್ದ ಆ ಕಲಮನ್ನು ಸಂಸತ್ತು ಅಂದು ಸೇರಿಸಲಿಲ್ಲ, ಇಡೀ ಕಾಯ್ದೆಯನ್ನೇ ಹೊಸದಾಗಿ ಬರೆದ 2023ರಲ್ಲೂ ಸೇರಿಸಲಿಲ್ಲ. ಈಗಲಾದರೂ ಒಂದು ತಿದ್ದುಪಡಿಯಿಂದ ಅದನ್ನು ತರಬೇಕು.