ಕಾರಿನಲ್ಲಿ ಕಡಲ ಕರೆಯ ಹಸಿರು ಹಾದಿ: ತಲಪಾಡಿಯಿಂದ ಬೇಕಲಕ್ಕೆ

ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ನಮ್ಮ ಕಾಸರಗೋಡಿನ ಮಟ್ಟಿಗೆ ಚೆನ್ನಾಗಿ ಒಪ್ಪುತ್ತದೆ. ರಜೆ ಬಂತೆಂದರೆ ಊಟಿ, ಮೈಸೂರು ಎಂದು ಹೊರಡುವ ನಾವು ತಲಪಾಡಿಯಿಂದ ಬೇಕಲದವರೆಗಿನ ಕರಾವಳಿಯನ್ನು ನೋಡತಕ್ಕ ಸ್ಥಳವೆಂದು ಎಣಿಸುವುದೇ ಇಲ್ಲ. ರಾಷ್ಟ್ರೀಯ ಹೆದ್ದಾರಿ 66 ಈ ಭಾಗದಲ್ಲಿ ಆರು ಪಥಗಳಾಗಿ ಅಗಲವಾಗಿದೆ. ಕಾರಿನಲ್ಲಿ ಕುಳಿತವರು ಬಹು ಬೇಗ ಕಾಸರಗೋಡು ಸೇರುತ್ತಾರೆ. ಆದರೆ ಅವರಿಗೆ ಕಾಣುವುದು ರಸ್ತೆ ಮಾತ್ರ. ಈ ನೆಲ ಹಸಿರಾಗಿರುವುದೇಕೆ ಎಂದು ತಿಳಿಯಬೇಕಾದರೆ ನಾಲ್ಕಾರು ಕಡೆ ಪಕ್ಕದ ರಸ್ತೆಗೆ ಇಳಿದು, ಕಾರು ನಿಲ್ಲಿಸಿ, ಸ್ವಲ್ಪ ನಡೆಯಬೇಕು.

ಮೊದಲು ಗಮನಿಸಬೇಕಾದುದು ಹೊಳೆಗಳನ್ನು. ಕೇರಳದ 44 ನದಿಗಳಲ್ಲಿ 12 ನಮ್ಮ ಜಿಲ್ಲೆಯವು. ತಲಪಾಡಿಯಿಂದ ದಕ್ಷಿಣಕ್ಕೆ ಸಾಗುವಾಗ ಮಂಜೇಶ್ವರ, ಉಪ್ಪಳ, ಶಿರಿಯ, ಕುಂಬಳೆ, ಮೊಗ್ರಾಲ್ ಹೊಳೆಗಳು ಒಂದಾದ ಮೇಲೊಂದು ಎದುರಾಗುತ್ತವೆ. ಮಂಜೇಶ್ವರ ಹೊಳೆಯ ಉದ್ದ ಕೇವಲ 16 ಕಿಲೋಮೀಟರ್. ಕೇರಳದಲ್ಲಿ ಇದೇ ಅತಿ ಚಿಕ್ಕ ನದಿ. ಇದರ ದಡದ ಊರಿನಲ್ಲೇ ರಾಷ್ಟ್ರಕವಿ ಗೋವಿಂದ ಪೈಗಳು (1883–1963) ಬಾಳಿದರು. ಅವರ ಮನೆಯನ್ನು ನೋಡಿ ಮುಂದುವರಿಯುವುದು ಕನ್ನಡಿಗರಿಗೆ ಉಚಿತ.

ಕಡಲಿನ ಅಲೆಗಳು ಹೊಳೆಯ ಬಾಯಿಗೆ ಅಡ್ಡಲಾಗಿ ಮರಳಿನ ದಿಬ್ಬ ಕಟ್ಟುತ್ತವೆ. ಆದುದರಿಂದ ಹೊಳೆ ನೇರವಾಗಿ ಕಡಲಿಗೆ ಬೀಳದೆ, ತೀರದ ಪಕ್ಕಕ್ಕೆ ತಿರುಗಿ ಹರಿದು, ದಿಬ್ಬ ಮುಗಿದಲ್ಲಿ ಅಳಿವೆ ಸೇರುತ್ತದೆ. ಸಿಹಿನೀರೂ ಉಪ್ಪುನೀರೂ ಬೆರೆಯುವ ಇಂಥ ಕೆಸರಿನಲ್ಲಿ ಕಾಂಡ್ಲಾ ಗಿಡಗಳು ಬೆಳೆಯುತ್ತವೆ. ಮಲಯಾಳದಲ್ಲಿ ಇವಕ್ಕೆ ಕಂಡಲ್ ಎನ್ನುತ್ತಾರೆ. ಇವುಗಳ ಬೇರಿನ ಸಂದಿಯಲ್ಲಿ ಮೀನು, ಸಿಗಡಿಗಳ ಮರಿಗಳು ಆಶ್ರಯ ಪಡೆಯುತ್ತವೆ; ಪ್ರವಾಹದ ರಭಸವನ್ನೂ ಅವು ತಗ್ಗಿಸುತ್ತವೆ. ನೆರೆಯ ಕಣ್ಣೂರು ಜಿಲ್ಲೆಯ ಕಲ್ಲೇನ್ ಪೊಕ್ಕುಡನ್ ಎಂಬವರು 1989ರಿಂದ ಇಂಥ ಗಿಡಗಳನ್ನು ತಾವೇ ನೆಡುತ್ತ ಬಂದರು. 2015ರಲ್ಲಿ ತೀರಿಕೊಳ್ಳುವಾಗ ಅವರು ನೆಟ್ಟ ಗಿಡಗಳು ವನವಾಗಿದ್ದವು.

ಎರಡನೆಯದು ಮುರಕಲ್ಲು. ಕುಂಬಳೆಯ ಸಮೀಪ, ಹೆದ್ದಾರಿಯ ಪಕ್ಕದಲ್ಲೇ ಆರಿಕ್ಕಾಡಿ ಕೋಟೆಯ ಗೋಡೆಗಳಿವೆ. ಅವು ಇದೇ ಕೆಂಪುಕಲ್ಲಿನವು. ನೆಲದಲ್ಲಿರುವಾಗ ಮೆತ್ತಗಿದ್ದು, ಕಡಿದು ಗಾಳಿಗೊಡ್ಡಿದ ಮೇಲೆ ಗಟ್ಟಿಯಾಗುವುದು ಇದರ ಗುಣ. ಫ್ರಾನ್ಸಿಸ್ ಬುಕಾನನ್ ಎಂಬ ಸ್ಕಾಟ್ಲೆಂಡಿನ ಪ್ರವಾಸಿ ಮಲಬಾರಿನಲ್ಲಿ ಈ ಕಲ್ಲನ್ನು ಕಂಡು, 1807ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಲ್ಯಾಟರೈಟ್ ಎಂದು ಹೆಸರಿಟ್ಟನು. ಲ್ಯಾಟಿನ್ ಭಾಷೆಯಲ್ಲಿ ಲೇಟರ್ ಎಂದರೆ ಇಟ್ಟಿಗೆ.

ಮುರಕಲ್ಲಿನ ಮೈತುಂಬ ಸಣ್ಣ ರಂಧ್ರಗಳು. ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಸುರಿಯುವ ಮಳೆಯಲ್ಲಿ ಒಂದು ಪಾಲನ್ನು ಈ ಗುಡ್ಡಗಳು ಹೀರಿಕೊಂಡು, ಮೆಲ್ಲನೆ ಬಾವಿ, ತೋಡುಗಳಿಗೆ ಬಿಡುತ್ತವೆ. ನಮ್ಮ ತೋಟಗಳ ಸುರಂಗಗಳಿಗೂ ನೀರು ಬರುವುದು ಹೀಗೆಯೇ. ಕುಂಬಳೆಯಿಂದ ಒಳಗೆ ತಿರುಗಿ ಅನಂತಪುರಕ್ಕೆ ಹೋದರೆ, ಮುರಕಲ್ಲಿನ ಬೋಳುಗುಡ್ಡದ ನಡುವೆ ತುಂಬಿದ ಕೆರೆಯನ್ನೂ ಅದರೊಳಗಿನ ದೇವಾಲಯವನ್ನೂ ಕಾಣಬಹುದು. ಸಸ್ಯಾಹಾರಿಯೆಂದು ಹೆಸರಾದ ಅಲ್ಲಿಯ ಮೊಸಳೆ ಬಬಿಯಾ 2022ರಲ್ಲಿ ಸತ್ತಿತು.

ಕಾಸರಗೋಡು ಪೇಟೆ ತಲಪಿದ ಮೇಲೆ ಹೆದ್ದಾರಿಯನ್ನು ಬಿಡಬೇಕು. ಅದು ಚೆರ್ಕಳದ ಕಡೆಗೆ, ಒಳನಾಡಿಗೆ ತಿರುಗುತ್ತದೆ. ನಾವು ಚಂದ್ರಗಿರಿ ಸೇತುವೆ ದಾಟುವ ಕರಾವಳಿ ರಸ್ತೆಯನ್ನು ಹಿಡಿಯೋಣ. ಕೊಡಗಿನ ಬೆಟ್ಟಗಳಲ್ಲಿ ಹುಟ್ಟಿ, ಸುಳ್ಯದ ಮೂಲಕ ಬರುವ ಪಯಸ್ವಿನಿಯೇ ಇಲ್ಲಿ ಚಂದ್ರಗಿರಿ. ತುಳುನಾಡಿಗೂ ಮಲಯಾಳ ನಾಡಿಗೂ ಹಿಂದೆ ಇದೇ ಗಡಿಯೆನ್ನುತ್ತಿದ್ದರು. ದಕ್ಷಿಣ ದಡದ ಚಂದ್ರಗಿರಿ ಕೋಟೆಯ ಮೇಲೆ ನಿಂತರೆ ಹೊಳೆ, ತೆಂಗಿನ ತೋಪು, ಕಡಲು ಮೂರೂ ಒಂದೇ ನೋಟಕ್ಕೆ ಸಿಗುತ್ತವೆ. ಅಲ್ಲಿಂದ ಮುಂದೆ ಉದುಮ ದಾಟಿದರೆ ಬೇಕಲ. ಸುಮಾರು 1650ರಲ್ಲಿ ಕೆಳದಿಯ ಶಿವಪ್ಪ ನಾಯಕನು ಕಟ್ಟಿಸಿದನೆನ್ನಲಾದ ಈ ಕೋಟೆ ಸುಮಾರು 40 ಎಕರೆಯಷ್ಟು ವಿಸ್ತಾರವಾಗಿದೆ.

ಮೂರನೆಯ ಪಾಠ ಕೋಟೆಯ ಕೆಳಗಿನ ಮರಳಿನಲ್ಲಿದೆ. ತೀರದ ಮರಳಿನ ಬಹುಪಾಲು ಹೊಳೆಗಳು ಹೊತ್ತು ತಂದದ್ದು. ಅಡುಂಬು ಬಳ್ಳಿ, ಕೇದಗೆ ಪೊದೆಗಳು ಅದನ್ನು ಹಿಡಿದು ನಿಲ್ಲಿಸುತ್ತವೆ. ಹೊಳೆಯಿಂದ ಮಿತಿಮೀರಿ ಮರಳು ತೆಗೆದರೆ ತೀರಕ್ಕೆ ಬರುವ ಮರಳು ಕಡಿಮೆಯಾಗುತ್ತದೆ. ಕಡಲು ತೀರವನ್ನೇ ಕೊರೆಯುತ್ತದೆ. ಒಂದೆಡೆ ಕಲ್ಲಿನ ತಡೆಗೋಡೆ ಕಟ್ಟಿದರೆ ಕೊರೆತ ಅದರ ಪಕ್ಕದ ಊರಿಗೆ ಸರಿಯುವುದುಂಟು. ಹಾಗೆ ಮನೆ, ತೆಂಗು ಕಳೆದುಕೊಳ್ಳುವವರು ಹೆಚ್ಚಾಗಿ ಮೀನುಗಾರರು.

ಹೀಗೆ ಗುಡ್ಡ, ಹೊಳೆ, ಮರಳು ಒಂದಕ್ಕೊಂದು ಹೆಣೆದುಕೊಂಡಿವೆ. ಗುಡ್ಡ ಕಡಿದರೆ ಬಾವಿ ಬೇಗ ಬತ್ತುತ್ತದೆ. ಗದ್ದೆ ತುಂಬಿಸಿದರೆ ಮಳೆನೀರು ಅಂಗಳಕ್ಕೆ ಬರುತ್ತದೆ. ಕಾಂಡ್ಲಾ ಕಡಿದರೆ ಬಲೆಗೆ ಮೀನು ಕಡಿಮೆ. ಅಗಲ ರಸ್ತೆ ನಮಗೆ ಬೇಕು. ಆಸ್ಪತ್ರೆಗೂ ಕಾಲೇಜಿಗೂ ಅದರಲ್ಲಿಯೇ ಹೋಗುತ್ತೇವೆ. ಆದರೆ ರಸ್ತೆಗಾಗಿ ಏನನ್ನು ಕಡಿದೆವು, ಏನನ್ನು ತುಂಬಿಸಿದೆವು ಎಂಬ ಲೆಕ್ಕವೂ ನಮಗೆ ಗೊತ್ತಿರಬೇಕು.

ಹೋಗುವವರಿಗೆ ಒಂದೆರಡು ಸೂಚನೆ: ನವೆಂಬರಿನಿಂದ ಫೆಬ್ರವರಿಯವರೆಗೆ ಹವೆ ಹಿತಕರ. ಆರು ಪಥದ ರಸ್ತೆಯಲ್ಲಿ ಎಂದೂ ಕಾರು ನಿಲ್ಲಿಸಬಾರದು. ಮಳೆಗಾಲದಲ್ಲಿ ಕಡಲಿಗೆ ಇಳಿಯಬಾರದು. ಜೊತೆಗೆ ಒಂದು ನೋಟುಪುಸ್ತಕವಿರಲಿ. ದಾಟಿದ ಹೊಳೆಗಳ ಹೆಸರನ್ನೂ ಅಲ್ಲಿ ಕಂಡ ಗಿಡಮರಗಳನ್ನೂ ಬರೆದಿಟ್ಟುಕೊಳ್ಳಿರಿ. ಐದು ವರ್ಷಗಳ ಮೇಲೆ ಅದೇ ಹಾದಿಯಲ್ಲಿ ಹೋಗುವಾಗ ಉಳಿದುದೆಷ್ಟು, ಅಳಿದುದೆಷ್ಟು ಎಂದು ಆ ಪುಟಗಳೇ ಹೇಳುತ್ತವೆ.