ಕಣ್ಣಿನ ಮಸೂರ, ಕ್ಯಾಮೆರಾದ ಮಸೂರ

ಕೆಲವು ವರ್ಷಗಳ ಹಿಂದೆ, ಕಾರ್ತಿಕದ ಒಂದು ಸಂಜೆ, ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದ. ಕೈಯಲ್ಲಿ ದೇವಯಾನಿ ಗೆಲಾಕ್ಸಿಯ ಬಣ್ಣದ ಚಿತ್ರವಿತ್ತು. ಹೊಳೆಯುವ ನಡುಭಾಗ, ಅದನ್ನು ಸುತ್ತಿದ ನೀಲಿ ತೋಳುಗಳು, ನಡುನಡುವೆ ಧೂಳಿನ ಕಪ್ಪು ಗೆರೆಗಳು. "ಮೇಷ್ಟ್ರೇ, ಎರಡು ವರ್ಷ ಕೂಡಿಟ್ಟ ಹಣವಿದೆ. ಇದನ್ನು ನೋಡುವುದಕ್ಕೆ ಯಾವ ದೂರದರ್ಶಕ ಕೊಳ್ಳಲಿ?" ಎಂದು ಕೇಳಿದ.

"ನೋಡುವುದಕ್ಕೋ, ಚಿತ್ರ ತೆಗೆಯುವುದಕ್ಕೋ?" ಎಂದೆ. ಎರಡೂ ಒಂದೇ ಅಲ್ಲವೆ ಎಂಬಂತೆ ಅವನು ನನ್ನ ಮುಖ ನೋಡಿದ. ಅನೇಕರು ಹಾಗೆಂದೇ ತಿಳಿದು ಹಣ ತೆರುತ್ತಾರೆ. ಆರು ತಿಂಗಳಲ್ಲಿ ದೂರದರ್ಶಕ ಅಟ್ಟ ಸೇರುತ್ತದೆ.

ಈ ತೊಡಕಿನ ಮೂಲ ಗಾಜಿನ ಸ್ವಭಾವದಲ್ಲಿದೆ. ಗಾಜಿನಲ್ಲಿ ಹಾಯುವಾಗ ನೇರಳೆ ಬೆಳಕು ಹೆಚ್ಚು ಬಾಗುತ್ತದೆ, ಕೆಂಪು ಕಡಿಮೆ. ಆದ್ದರಿಂದ ಒಂಟಿ ಮಸೂರವು ಒಂದೊಂದು ಬಣ್ಣವನ್ನು ಒಂದೊಂದು ದೂರದಲ್ಲಿ ಕೂಡಿಸುತ್ತದೆ. 1609ರಲ್ಲಿ ಗೆಲಿಲಿಯೊ ಆಕಾಶಕ್ಕೆ ತಿರುಗಿಸಿದ ಕೊಳವೆಯಲ್ಲಿಯೂ ಈ ದೋಷವಿತ್ತು. ಇದಕ್ಕೆ ಮದ್ದಿಲ್ಲವೆಂದು ಬಗೆದ ನ್ಯೂಟನ್ ಮಸೂರವನ್ನು ಬಿಟ್ಟು ಕನ್ನಡಿಯ ಮೊರೆಹೊಕ್ಕ. ಆದರೆ ಮದ್ದು ಇತ್ತು. 1730ರ ದಶಕದಲ್ಲಿ ಚೆಸ್ಟರ್ ಮೂರ್ ಹಾಲ್ ಎಂಬ ಇಂಗ್ಲಿಷ್ ವಕೀಲ ಕ್ರೌನ್, ಫ್ಲಿಂಟ್ ಎಂಬ ಎರಡು ಬಗೆಯ ಗಾಜುಗಳನ್ನು ಜೋಡಿಸಿ ಒಂದರ ದೋಷವನ್ನು ಇನ್ನೊಂದರಿಂದ ಕಳೆದ. 1758ರಲ್ಲಿ ಜಾನ್ ಡಾಲಂಡ್ ಇಂಥ ಮಸೂರಕ್ಕೆ ಪೇಟೆಂಟ್ ಪಡೆದ. ಇದೇ ಆಕ್ರೊಮ್ಯಾಟ್. ಎರಡು ಬಣ್ಣಗಳು ಇಲ್ಲಿ ಒಂದೆಡೆ ಕೂಡುತ್ತವೆ, ನೇರಳೆ ಹೊರಗುಳಿಯುತ್ತದೆ. ನೇರಳೆಯ ವಿಷಯದಲ್ಲಿ ನಮ್ಮ ಕಣ್ಣು ಮಂದವಾದ್ದರಿಂದ ಆ ಕೊರತೆಯನ್ನು ಬಹುಮಟ್ಟಿಗೆ ಕ್ಷಮಿಸಿಬಿಡುತ್ತದೆ.

ಛಾಯಾಚಿತ್ರದ ಫಲಕ ಕ್ಷಮಿಸಲಿಲ್ಲ. ಹತ್ತೊಂಬತ್ತನೆಯ ಶತಮಾನದ ಫಲಕಗಳಿಗೆ ತಟ್ಟುತ್ತಿದ್ದುದು ಮುಖ್ಯವಾಗಿ ನೀಲಿ, ನೇರಳೆ ಬೆಳಕೇ. ಕಣ್ಣಿಗೆ ಚೂಪಾಗಿ ಕಂಡ ನಕ್ಷತ್ರ ಫಲಕದ ಮೇಲೆ ಮಸುಕಾಗಿ ಮೂಡುತ್ತಿತ್ತು. ನ್ಯೂಯಾರ್ಕಿನ ಲೂಯಿಸ್ ರುದರ್‌ಫರ್ಡ್ 1864ರಲ್ಲಿ ಹನ್ನೊಂದೂಕಾಲು ಅಂಗುಲದ ಮಸೂರವನ್ನು ಫಲಕಕ್ಕೆಂದೇ ತಿದ್ದಿಸಿದ. ಚಿತ್ರ ಚೆನ್ನಾಗಿ ಬಂತು, ಕಣ್ಣಿಟ್ಟು ನೋಡಲು ಮಾತ್ರ ಆ ಮಸೂರ ಒದಗಲಿಲ್ಲ. ಪ್ಯಾರಿಸಿನ ಹೆನ್ರಿ ಸೋದರರು ಎರಡು ಮಸೂರಗಳನ್ನು ಜೊತೆಯಾಗಿ ಕೂರಿಸಿದರು: 33 ಸೆಂಟಿಮೀಟರಿನದು ಫಲಕಕ್ಕೆ, 24 ಸೆಂಟಿಮೀಟರಿನದು ಕಣ್ಣಿಗೆ. 1887ರಲ್ಲಿ ಪ್ಯಾರಿಸಿನಲ್ಲಿ ಸಂಕಲ್ಪಗೊಂಡ ಆಕಾಶಪಟದ ಮಹಾಕಾರ್ಯಕ್ಕೆ ಅದೇ ಮಾದರಿಯಾಯಿತು. ಮುಂದೆ ಹೈದರಾಬಾದಿನ ನಿಜಾಮಿಯಾ ವೀಕ್ಷಣಾಲಯವೂ ಆ ಕಾರ್ಯದಲ್ಲಿ ಪಾಲ್ಗೊಂಡಿತು.

ಅಂದಿನ ಆ ವಿರಸ ಇಂದಿನ ಚಿಕ್ಕ ದೂರದರ್ಶಕಗಳಲ್ಲಿಯೂ ಮುಗಿದಿಲ್ಲ. 80 ಮಿಲಿಮೀಟರ್ ವ್ಯಾಸದ ಎರಡು ಕೊಳವೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡೋಣ. ಒಂದು, 900 ಮಿಲಿಮೀಟರ್ ನಾಭಿದೂರದ ನೀಳ ಆಕ್ರೊಮ್ಯಾಟ್. ಇನ್ನೊಂದು, 480 ಮಿಲಿಮೀಟರಿನ ಗಿಡ್ಡ ಅಪೊಕ್ರೊಮ್ಯಾಟ್. ಬಣ್ಣಗಳನ್ನು ಹೆಚ್ಚು ಚದುರಿಸದ ವಿಶೇಷ ಗಾಜಿನಿಂದಲೋ ಫ್ಲೋರೈಟ್ ಹರಳಿನಿಂದಲೋ ಮಾಡಿದ್ದು, ಬೆಲೆ ಹಲವು ಪಟ್ಟು.

ಕಣ್ಣಿಟ್ಟು ನೋಡುವವನಿಗೆ ಇವೆರಡರ ಅಂತರ ಬೆಲೆಯ ಅಂತರದಷ್ಟಿಲ್ಲ. ಕತ್ತಲಲ್ಲಿ ಅರಳಿದ ಕಣ್ಣಪಾಪೆಗಿಂತ ಸುಮಾರು 130 ಪಟ್ಟು ಬೆಳಕನ್ನು ಎರಡೂ ಹಿಡಿಯುತ್ತವೆ. ಒಂದೂವರೆ ವಿಕಲೆಯಷ್ಟು, ಎಂದರೆ ಒಂದು ಡಿಗ್ರಿಯನ್ನು 3,600 ಪಾಲು ಮಾಡಿದರೆ ಅಂಥ ಒಂದೂವರೆ ಪಾಲಿನಷ್ಟು ಹತ್ತಿರವಿರುವ ಜೋಡಿ ನಕ್ಷತ್ರಗಳನ್ನು ಎರಡೂ ಬಿಡಿಸಿ ತೋರಬಲ್ಲವು. ಚಂದ್ರನ ಕುಳಿಗಳು, ಗುರುವಿನ ನಾಲ್ಕು ಉಪಗ್ರಹಗಳು, ಶನಿಯ ಬಳೆ ಎರಡರಲ್ಲಿಯೂ ಚೆಲುವಾಗಿಯೇ ಕಾಣುತ್ತವೆ. ನೀಳ ಕೊಳವೆಯಲ್ಲಿ ಬೆಳಕು ನಿಧಾನವಾಗಿ ಬಾಗುವುದರಿಂದ ನೇರಳೆಯ ಅಂಚು ತೆಳುವಾಗಿರುತ್ತದೆ. ಉಜ್ವಲ ನಕ್ಷತ್ರಗಳ ಸುತ್ತ ಮಾತ್ರ ತುಸು ಕಂಡೀತು. ನೂರು ಪಟ್ಟು ಹಿಗ್ಗಿಸಲು ಅದಕ್ಕೆ 9 ಮಿಲಿಮೀಟರಿನ ನೇತ್ರಕ ಸಾಕು. ಗಿಡ್ಡ ಕೊಳವೆಗೆ 5 ಮಿಲಿಮೀಟರಿಗಿಂತ ಕಿರಿದಾದುದು ಬೇಕು. ಆದರೆ ಆಕ್ರೊಮ್ಯಾಟನ್ನೇ 400 ಮಿಲಿಮೀಟರಿಗೆ ಗಿಡ್ಡಮಾಡಿ ಅಗ್ಗಕ್ಕೆ ಮಾರುವವರಿದ್ದಾರೆ. ಆಕಾಶಗಂಗೆಯ ನಕ್ಷತ್ರರಾಶಿಗಳಲ್ಲಿ ವಿಹರಿಸಲು ಅದು ಒಳ್ಳೆಯ ಸಂಗಾತಿ. ಗ್ರಹಗಳಿಗೆ ಹಿಡಿದರೆ ನೇರಳೆಯ ಮಬ್ಬು ಕವಿಯುತ್ತದೆ.

ಕ್ಯಾಮೆರಾ ಇಟ್ಟೊಡನೆ ಲೆಕ್ಕವೆಲ್ಲ ತಿರುವುಮುರುವು. ಕಣ್ಣು ಕಡೆಗಣಿಸಿದ ನೇರಳೆಯನ್ನು ಅದು ನಿಷ್ಠೆಯಿಂದ ಕೂಡಿಸಿಡುತ್ತದೆ; ಆಕ್ರೊಮ್ಯಾಟಿನಲ್ಲಿ ತೆಗೆದ ನಕ್ಷತ್ರಗಳಿಗೆ ಉಬ್ಬಿದ ನೇರಳೆ ಪ್ರಭಾವಳಿ ಬರುತ್ತದೆ. ಒಂದು ಮಸುಕು ನೀಹಾರಿಕೆಗೆ ಗಿಡ್ಡ ಕೊಳವೆಯಲ್ಲಿ ಒಂದು ಗಳಿಗೆ ಬೇಕಾದರೆ ನೀಳ ಕೊಳವೆಯಲ್ಲಿ ಮೂರೂವರೆ ಗಳಿಗೆ ಬೇಕು. 23.5 ಮಿಲಿಮೀಟರ್ ಅಗಲದ ಸಂವೇದಕದ ಮೇಲೆ ಮೊದಲನೆಯದು 2.8 ಡಿಗ್ರಿ ಆಕಾಶವನ್ನು ಇಳಿಸುತ್ತದೆ, ಎರಡನೆಯದು ಒಂದೂವರೆ ಡಿಗ್ರಿ ಮಾತ್ರ. ದೇವಯಾನಿ ಗೆಲಾಕ್ಸಿಯ ಉದ್ದವೇ ಸುಮಾರು ಮೂರು ಡಿಗ್ರಿ! ಮೂಲೆಯ ನಕ್ಷತ್ರಗಳು ಹಿಗ್ಗದಂತೆ ಬಿಂಬವನ್ನು ಸಮತಲಗೊಳಿಸಲು ಇನ್ನೊಂದು ಮಸೂರವೂ ಬೇಕಾಗುತ್ತದೆ.

ಇಷ್ಟಾದರೂ ಕೊಳವೆಯದು ಅರ್ಧ ಮಾತು, ಉಳಿದರ್ಧ ಪೀಠದ್ದು. ಭೂಮಿ ತಿರುಗುವುದರಿಂದ ಆಕಾಶ ಸೆಕೆಂಡಿಗೆ 15 ವಿಕಲೆ ಜಾರುತ್ತದೆ. ಈ ಗಿಡ್ಡ ಕೊಳವೆಯ ಹಿಂದೆ ಕೂರಿಸುವ ಇಂದಿನ ಸಂವೇದಕವೊಂದರ ಒಂದು ಚುಕ್ಕೆ ಹಿಡಿಯುವುದು ಒಂದೂವರೆ ವಿಕಲೆಯ ಆಸುಪಾಸು. ಅಂದಮೇಲೆ ಸೆಕೆಂಡಿನ ಹತ್ತನೆಯ ಒಂದು ಭಾಗದಲ್ಲೇ ನಕ್ಷತ್ರ ಚುಕ್ಕೆ ದಾಟಿಬಿಡುತ್ತದೆ. ಅದರ ಬೆನ್ನು ಹಿಡಿದು ತಿರುಗಲು, ಧ್ರುವದ ಕಡೆಗೆ ಅಕ್ಷವಿಟ್ಟ, ಯಂತ್ರದಿಂದ ನಡೆಯುವ ಗಟ್ಟಿ ಪೀಠ ಬೇಕು. ನಮ್ಮ ನಾಡಿನಲ್ಲಿ ಇನ್ನೊಂದು ತೊಡಕುಂಟು. ಧ್ರುವ ನಕ್ಷತ್ರ ಬೆಂಗಳೂರಿನಲ್ಲಿ ದಿಗಂತದಿಂದ ಸುಮಾರು 13 ಡಿಗ್ರಿ, ಬೀದರಿನಲ್ಲಿ 18 ಡಿಗ್ರಿಯಷ್ಟೇ ಎತ್ತರ. ನೆರೆಮನೆಯ ನೀರಿನ ತೊಟ್ಟಿಯೋ ತೆಂಗಿನ ಮರವೋ ಅದನ್ನು ಮರೆಮಾಡಿಬಿಡುತ್ತದೆ. ಆಗ ನಕ್ಷತ್ರಗಳು ಜಾರುವ ದಿಕ್ಕನ್ನು ಗಮನಿಸಿ ತಾಳ್ಮೆಯಿಂದ ಅಕ್ಷವನ್ನು ತಿದ್ದಿಕೊಳ್ಳಬೇಕು. ಕಣ್ಣಿಗಾದರೆ ಈ ಗೊಡವೆಯಿಲ್ಲ. ಅಲುಗದ ಮುಕ್ಕಾಲಿಯ ಮೇಲೆ ಕೊಳವೆಯನ್ನು ಕೈಯಿಂದ ಮೆಲ್ಲನೆ ಸರಿಸುತ್ತ ಹೋದರೆ ಸಾಕು.

ಹೀಗಾಗಿ ರುದರ್‌ಫರ್ಡನ ಕಾಲದ ಮಾತು ಇಂದು ಅರ್ಧ ಬದಲಾಗಿದೆ. ಚಿತ್ರಕ್ಕೆ ಒದಗುವ ಅಪೊಕ್ರೊಮ್ಯಾಟ್ ಈಗ ಕಣ್ಣಿಗೂ ಒದಗುತ್ತದೆ. ಕಣ್ಣಿಗೆ ಒದಗುವ ಆಕ್ರೊಮ್ಯಾಟ್ ಮಾತ್ರ, ಚಂದ್ರನನ್ನು ಬಿಟ್ಟರೆ, ಚಿತ್ರಕ್ಕೆ ಅಷ್ಟಾಗಿ ಒದಗದು. ಹಣವುಳ್ಳವನು ಮೊದಲನೆಯದನ್ನೇ ಕೊಳ್ಳಲಿ. ಹಣ ಮಿತವಾಗಿದ್ದರೆ, ನೋಡುವವನು ನೀಳ ಆಕ್ರೊಮ್ಯಾಟನ್ನೂ ಸರಳ ಪೀಠವನ್ನೂ ಕೊಳ್ಳಲಿ. ಚಿತ್ರ ತೆಗೆಯುವವನು ಮೊದಲು ಪೀಠಕ್ಕೆ ಹಣವಿಟ್ಟು ಉಳಿದುದರಲ್ಲಿ ಕೊಳವೆಯನ್ನು ಆರಿಸಲಿ.

ಆ ಹುಡುಗನಿಗೆ ನಾನು ಇದನ್ನೆಲ್ಲ ಹೇಳಲಿಲ್ಲ. ಶಾಲೆಯ ಹಳೆಯ ಎಂಬತ್ತು ಮಿಲಿಮೀಟರಿನ ಕೊಳವೆಯನ್ನು ಮಾಳಿಗೆಗೆ ಒಯ್ದು ದೇವಯಾನಿಯ ಕಡೆಗೆ ತಿರುಗಿಸಿದೆ. ಅವನು ಕಣ್ಣಿಟ್ಟ, ಬೂದುಬಣ್ಣದ ಒಂದು ಮಂಜಿನ ತುಣುಕು. "ಇಷ್ಟೇನಾ ಮೇಷ್ಟ್ರೇ?" ಎಂದ. "ಇಷ್ಟೇ. ಕ್ಯಾಮೆರಾ ಗಂಟೆಗಟ್ಟಲೆ ಬೆಳಕನ್ನು ಕೂಡಿಡುತ್ತದೆ, ಕಣ್ಣು ಕೂಡಿಡಲಾರದು. ಆದರೆ ಇದು ಸುಮಾರು 25 ಲಕ್ಷ ವರ್ಷ ನಡೆದುಬಂದ ಬೆಳಕು, ನೇರವಾಗಿ ನಿನ್ನ ಕಣ್ಣಿಗೇ ಬಂದಿದೆ" ಎಂದೆ.

ಅವನು ಮತ್ತೆ ಬಾಗಿ ಬಹಳ ಹೊತ್ತು ನೋಡಿದ. ಮುಂದಿನ ತಿಂಗಳು ನೀಳ ಕೊಳವೆಯನ್ನೇ ಕೊಂಡ. ಅದು ಇನ್ನೂ ಅಟ್ಟ ಸೇರಿಲ್ಲ.